ಒಂಬತ್ತನೇ ಬಟನ್

"ನಮಸ್ಕಾರ. ಮೆಲ್ಲ ಬನ್ನಿ... ಈ ಕಾರಿಗೆ ಏನೂ ಅರ್ಜೆಂಟ್ ಇಲ್ಲ."

ಕಿವಿಯೊಳಗೆ ಆ ಧ್ವನಿ ಬಿದ್ದದ್ದೇ ತಡ, ಶ್ರಾವಣಿ ನಿಂತಲ್ಲೇ ಕಲ್ಲಾದಳು.

ಈ ಧ್ವನಿ...!

ಇಲ್ಲ, ಸಾಧ್ಯವೇ ಇಲ್ಲ. ಈ ಧ್ವನಿಯ ಮನುಷ್ಯ ಸತ್ತು ಆರು ತಿಂಗಳಾಗಿತ್ತು.

ಅವಳ ಎದುರು ಮಬ್ಬು ಬೆಳಕಿನಲ್ಲಿ ಹಳದಿ ಸ್ಪೋರ್ಟ್ಸ್ ಕಾರೊಂದು ನೆಲಕ್ಕೆ ಹೊಟ್ಟೆ ಹಚ್ಚಿಕೊಂಡು ಮಲಗಿದಂತೆ ನಿಂತಿತ್ತು. ಸುತ್ತಲೂ ಕನ್ನಡ ಕೂಟದ ನಲವತ್ತು ಜನ, ಎಲ್ಲರ ಕಿವಿಯಲ್ಲೂ ಮ್ಯೂಸಿಯಂನವರು ಕೊಟ್ಟ ಇಯರ್‌ಫೋನ್, ಕೈಯಲ್ಲಿ ಹಳೆಯ ಮೊಬೈಲಿನಂಥ ಯಂತ್ರ. ಕಾರಿನ ಹತ್ತಿರ ಹೋಗಿ ನಿಂತರೆ ಅದು ತಾನಾಗಿಯೇ ಕಾರಿನ ಕಥೆ ಹೇಳಲು ಶುರುಮಾಡುತ್ತಿತ್ತು.

"ಈ ಸೀಟಿನ ಎಡಗಡೆ ನೋಡಿ," ಧ್ವನಿ ಮುಂದುವರಿಯಿತು. "ಆ ಹೊಲಿಗೆ ಮೆಷಿನಿನದ್ದಲ್ಲ, ಕೈಯದ್ದು. ಕೈ ಹೊಲಿಗೆಗೆ ಜೀವ ಉಂಟು."

ಶ್ರಾವಣಿ ಇಯರ್‌ಫೋನ್ ಕಿತ್ತು ಪಕ್ಕದಲ್ಲಿದ್ದ ಅಮಿತಾಳ ತೋಳು ಹಿಡಿದಳು. ಅಮಿತಾ ಅವಳ ರೂಮ್‌ಮೇಟ್, ಮೂಲ್ಕಿಯವಳು, ಹನ್ನೆರಡು ವರ್ಷದಿಂದ ಕುವೈತಿನಲ್ಲಿದ್ದವಳು. ಈ ಟೂರಿಗೆ ಹಟ ಹಿಡಿದು ಕರೆತಂದವಳೂ ಅವಳೇ.

"ಅಮಿತಾ, ನಿಂಗೆ ಏನ್ ಕೇಳಿಸ್ತಿದೆ?"

"ಎಂಥ ಕೇಳುದು? ಒಬ್ಬಳು ಇಂಗ್ಲಿಷಲ್ಲಿ ಹಾರ್ಸ್ ಪವರ್, ಹಾರ್ಸ್ ಪವರ್ ಅಂತ ಕೊರಿತಾ ಇದ್ದಾಳೆ."

"ನಂದು ಕೇಳು, ಸ್ವಲ್ಪ..."

ಅಮಿತಾ ಇಯರ್‌ಫೋನ್ ಕಿವಿಗೆ ಇಟ್ಟುಕೊಂಡಳು. ಒಂದು ಕ್ಷಣ, ಎರಡು ಕ್ಷಣ.

"ಎಂಥದೂ ಇಲ್ಲ ಮಾರಾಯ್ತಿ. ಸದ್ದೇ ಇಲ್ಲ!"

ಶ್ರಾವಣಿ ಯಂತ್ರದ ಪರದೆ ನೋಡಿದಳು. ಇಂಗ್ಲಿಷಿಗೆ ಎರಡು ಒತ್ತಿ ಅಂತ ಗೈಡ್ ಹೇಳಿದ್ದಳು. ತಾನು ಎರಡನ್ನೇ ಒತ್ತಿದ್ದು ಅವಳಿಗೆ ಚೆನ್ನಾಗಿ ನೆನಪಿತ್ತು.

ಪರದೆಯ ಮೇಲೆ ಒಂಬತ್ತು ಅಂತ ಇತ್ತು.

* * *

ಹಿಂದಿನ ವರ್ಷ ಆಗಸ್ಟಿನಲ್ಲಿ ಮೈಸೂರಿನಿಂದ ಬಂದಿಳಿದಾಗ ಶ್ರಾವಣಿಗೆ ಕುವೈತಿನಲ್ಲಿ ಗೊತ್ತಿದ್ದದ್ದು ಎರಡೇ ಜಾಗ. ಒಂದು, ಹವಲ್ಲಿಯ ಕ್ಲಿನಿಕ್ಕಿನಲ್ಲಿ ಅವಳ ಫಿಸಿಯೋಥೆರಪಿ ಕೋಣೆ. ಇನ್ನೊಂದು, ಅದರ ಹಿಂದಿನ ಬೀದಿಯಲ್ಲಿದ್ದ ಅವಳ ಬಾಡಿಗೆ ರೂಮು.

ಎರಡನೇ ವಾರದಲ್ಲೇ ಒಬ್ಬ ಮಣಿಕಟ್ಟು ಊದಿಸಿಕೊಂಡು ಬಂದ. ಕಾಪುವಿನ ಶೈಲೇಶ್. ಶುವೈಖ್‌ನ ಒಂದು ವರ್ಕ್‌ಶಾಪಿನಲ್ಲಿ ದುಬಾರಿ ಕಾರುಗಳ ಸೀಟಿಗೆ ಚರ್ಮ ಹೊಲಿಯುವವನು.

"ಕೈ ನೋವು ಡಾಕ್ಟ್ರೇ."

"ನಾನು ಡಾಕ್ಟರ್ ಅಲ್ಲ ಕಣ್ರೀ, ಫಿಸಿಯೋ."

"ಆಯ್ತು ಡಾಕ್ಟ್ರೇ."

ಹತ್ತು ದಿನ ಆ ಕೈ ಅವಳ ಕೈಯಲ್ಲಿತ್ತು. ಬೆರಳ ತುದಿಯ ಸೂಜಿಗಾಯ, ಹೆಬ್ಬೆರಳ ಬುಡದ ಗಂಟು, ಎಲ್ಲವೂ ಅವಳಿಗೆ ಬಾಯಿಪಾಠ. ಹನ್ನೊಂದನೇ ದಿನ ಕೈ ಸರಿಹೋಯಿತು. ಆದರೂ ಅವನು ಬಂದ!

"ಇವತ್ತು ಏನ್ ನೋವು?"

"ನಿಮ್ಮ ಬ್ಯಾಗಿನ ಪಟ್ಟಿ ಕಿತ್ತು ಹೋದದ್ದು ನೋಡಿದೆ. ಅದೇ ನೋವು."

ಪಟ್ಟಿ ಹೊಲಿದು ತಂದುಕೊಟ್ಟಾಗ ಒಳಮಗ್ಗುಲಲ್ಲಿ ಕೆಂಪು ದಾರದ ಮೂರು ಪುಟ್ಟ ಹೊಲಿಗೆ ಕಂಡವು. "ಅದು ನನ್ನ ಸಹಿ," ಎಂದಿದ್ದ. "ನಾನು ಹೊಲಿದ ಎಲ್ಲ ಸೀಟಿನ ಅಡಿಯಲ್ಲೂ ಉಂಟು. ಯಾರಿಗೂ ಗೊತ್ತಿಲ್ಲ. ಈಗ ನಿಮಗೆ ಮಾತ್ರ ಗೊತ್ತು."

ಹೀಗೆ ಹೇಳಿದವನನ್ನು ಪ್ರೀತಿಸದೆ ಇರುವುದು ಹೇಗೆ, ನೀವೇ ಹೇಳಿ!

ಅಕ್ಟೋಬರಿನ ಒಂದು ಶುಕ್ರವಾರ ಶೈಲೇಶ್ ಊರಿಗೆ ಫೋನ್ ಮಾಡಿ ಅಮ್ಮನ ಹತ್ತಿರ ಮದುವೆಯ ಮಾತೆತ್ತುವುದಿತ್ತು. ಮನೆಯಲ್ಲಿ ತುಳು, ಹುಡುಗಿ ಮೈಸೂರಿನವಳು, ಅಮ್ಮ ಒಪ್ಪುತ್ತಾರೋ ಇಲ್ಲವೋ... ಇಡೀ ದಿನ ಶ್ರಾವಣಿ ಮೊಬೈಲ್ ಕೆಳಗಿಡಲಿಲ್ಲ. ಸಂಜೆ ಮೆಸೇಜ್ ಬಂತು.

"ಅಮ್ಮನ ಹತ್ರ ಮಾತಾಡಿದೆ. ನಿಮ್ಮ ವಿಷಯ ಖಲಾಸ್."

ಖಲಾಸ್!

ಅವಳು ಅದನ್ನು ಹತ್ತು ಸಲ ಓದಿದಳು. ಒಂದು ಸಮಾಧಾನದ ಮಾತಿಲ್ಲ, ಒಂದು ಕ್ಷಮೆಯಿಲ್ಲ. ಮುಗಿಸಿ ಕೈತೊಳೆದುಕೊಂಡ ಹಾಗೆ ಒಂದು ಪದ. ಅವಮಾನದಿಂದ ಮುಖ ಬಿಸಿಯಾಯಿತು. ನಂಬರ್ ಬ್ಲಾಕ್ ಮಾಡಿದಳು. ತಿಂಗಳೊಳಗೆ ಖೈತಾನ್‌ನ ಇನ್ನೊಂದು ಕ್ಲಿನಿಕ್ಕಿಗೆ ಕೆಲಸ ಬದಲಿಸಿ ಅಮಿತಾಳ ರೂಮಿಗೆ ಬಂದುಬಿಟ್ಟಳು.

ನವೆಂಬರಿನಲ್ಲಿ ಸುದ್ದಿ ಬಂತು. ಶುವೈಖ್‌ನ ಕಾರ್ ವರ್ಕ್‌ಶಾಪಿಗೆ ಬೆಂಕಿ, ಒಬ್ಬ ಭಾರತೀಯ ಕಾರ್ಮಿಕನ ಸಾವು. ಹೆಸರು ಇರಲಿಲ್ಲ. ಫೋಟೋದಲ್ಲಿ ಕಂಡದ್ದು ಶೈಲೇಶನ ವರ್ಕ್‌ಶಾಪಿನ ನೀಲಿ ಶಟರ್!

ಅವನ ಮೊಬೈಲ್ ಸ್ವಿಚ್ ಆಫ್. ವರ್ಕ್‌ಶಾಪಿನ ಆಫೀಸ್ ನಂಬರಿಗೆ ಹಚ್ಚಿದಳು. ಬಹಳ ಹೊತ್ತಿನ ಮೇಲೆ ಯಾರೋ ಎತ್ತಿದರು.

"ಶೈಲೇಶ್? ಶೈಲೇಶ್ ಖಲಾಸ್."

ಫೋನ್ ಕಟ್ಟಾಯಿತು.

ಅವಳು ಇನ್ನೊಮ್ಮೆ ಕೇಳಲಿಲ್ಲ. ಯಾರ ಹತ್ತಿರ ಕೇಳುವುದು, ಏನಾಗಬೇಕು ಅವನು ನಿನಗೆ ಎಂದರೆ ಏನು ಹೇಳುವುದು? ಕೇಳದಿದ್ದರೆ ಸಾವಿರಕ್ಕೊಂದು ಪಾಲು ಆಸೆಯಾದರೂ ಉಳಿದೀತು ಎಂಬ ಹೇಡಿತನವೂ ಇತ್ತು. ಕೊನೆಗೆ ಆ ಆಸೆಯೂ ಆರಿತು. ಉಳಿದದ್ದು ಒಂದೇ ಕೊರಗು... ಬ್ಲಾಕ್ ಮಾಡುವ ಮೊದಲು ಒಂದು ಮಾತು, ಒಂದೇ ಒಂದು ಮಾತು ಆಡಬಹುದಿತ್ತು.

* * *

ಈ ಮೇ ತಿಂಗಳ ಶುಕ್ರವಾರ ಬೆಳಿಗ್ಗೆಯಿಂದಲೇ ಏನೋ ಸರಿಯಿರಲಿಲ್ಲ. ಬಸ್ಸು ಮೀನಾ ಅಬ್ದುಲ್ಲಾ ಕಡೆ ತಿರುಗುವ ಹೊತ್ತಿಗೆ ಧೂಳುಗಾಳಿ ಎದ್ದಿತ್ತು. ಒಂಬತ್ತು ಗಂಟೆಗೇ ಆಕಾಶ ಅರಿಸಿನ ಕದಡಿದ ನೀರಿನ ಹಾಗೆ. ರಿಫೈನರಿಯ ಬೆಂಕಿ ಆ ಧೂಳಿನಲ್ಲಿ ಕಂಬವಿಲ್ಲದೆ ತೇಲುತ್ತಿತ್ತು.

ಮೊದಲು ಫ್ಯಾಕ್ಟರಿ. ಕೈಯಿಂದಲೇ ಸ್ಪೋರ್ಟ್ಸ್ ಕಾರು ಕಟ್ಟುವ ದೊಡ್ಡ ಶೆಡ್ಡು. ರಜಾದಿನವಾದ್ದರಿಂದ ಅಲ್ಲಿ ಕೆಲಸಗಾರರು ಕಾಣಲಿಲ್ಲ. ಚಕ್ರವಿಲ್ಲದ, ಕಣ್ಣಿನ ಜಾಗದಲ್ಲಿ ಬರೀ ತೂತಿದ್ದ ಕಾರಿನ ಮೈಗಳು ಸರಪಳಿಯಲ್ಲಿ ತೂಗುತ್ತಿದ್ದವು. ಗಾಳಿ ನುಗ್ಗಿದಾಗ ಒಂದಕ್ಕೊಂದು ಮೆಲ್ಲಗೆ ಸೋಕಿ ಕಿರ್ರೆನ್ನುತ್ತಿದ್ದವು.

ಬಾಗಿಲ ಬಳಿ ಜೋಡಿಸಲು ಇಟ್ಟಿದ್ದ ಸೀಟೊಂದು ಅಡ್ಡ ಬಿದ್ದಿತ್ತು. ಅದರ ಅಡಿಯಲ್ಲಿ ಕೆಂಪು ದಾರದ ಮೂರು ಹೊಲಿಗೆ.

ಶ್ರಾವಣಿ ತನ್ನ ಬ್ಯಾಗಿನ ಪಟ್ಟಿಯನ್ನು ಬಿಗಿಯಾಗಿ ಹಿಡಿದಳು. 'ಹಳೇ ಸೀಟಿರಬೇಕು... ಅವರಿದ್ದಾಗ ಹೊಲಿದದ್ದು,' ಎಂದು ಮನಸ್ಸಿಗೆ ಬುದ್ಧಿ ಹೇಳಿದಳು. ಆದರೆ ಚರ್ಮದಿಂದ ಹೊಸ ವಾಸನೆ ಬರುತ್ತಿತ್ತು.

ಈಗ ಅದರ ಪಕ್ಕದ ಮ್ಯೂಸಿಯಂ. ಮತ್ತು ಈ ಧ್ವನಿ.

ಅವಳು ಗೈಡ್ ಹತ್ತಿರ ಓಡಿದಳು. ಈಜಿಪ್ಟಿನ ಯುವತಿ, ಇಂಗ್ಲಿಷಿನಲ್ಲಿ ನಿಧಾನ ಮಾತಾಡುವವಳು. "ಈ ಒಂಬತ್ತನೇ ನಂಬರಿನಲ್ಲಿ ಕನ್ನಡದಲ್ಲಿ ಮಾತಾಡ್ತಿರೋದು ಯಾರು?"

ಗೈಡ್ ಹುಬ್ಬೇರಿಸಿದಳು. "ನಮ್ಮಲ್ಲಿರುವುದು ಐದೇ ಭಾಷೆ ಮೇಡಂ. ಐದರ ಮೇಲೆ ಏನೂ ಇಲ್ಲ."

ಏನೂ ಇಲ್ಲ...!

ಬೇರೆ ಯಾರಾದರೂ ಆಗಿದ್ದರೆ ಯಂತ್ರವನ್ನು ಅಲ್ಲೇ ಬಿಸಾಕಿ ಬಸ್ಸಿಗೆ ಓಡುತ್ತಿದ್ದರು. ಶ್ರಾವಣಿಗೂ ಭಯವೇ. ಆದರೆ ಭಯಕ್ಕಿಂತ ದೊಡ್ಡದೊಂದು ಹಸಿವು ಅವಳ ಎದೆಯಲ್ಲಿತ್ತು. ದೆವ್ವವಾದರೂ ಸರಿ, ಅದು ಅವನ ಧ್ವನಿ. ಇಯರ್‌ಫೋನ್ ಮತ್ತೆ ಕಿವಿಗಿಟ್ಟುಕೊಂಡು ಮುಂದಿನ ಕಾರಿನ ಕಡೆ ಒಬ್ಬಳೇ ನಡೆದಳು.

ಬಿಳಿ ಬಟ್ಟೆ ಹೊದ್ದ ಕಾರುಗಳ ಸಾಲು ದಾಟಿದರೆ ಬೆಳ್ಳಿ ಬಣ್ಣದ್ದೊಂದು. ಅವಳು ನಿಂತದ್ದೇ, "ಬಂದ್ರಾ?" ಎಂದಿತು ಧ್ವನಿ. "ಈಗ ಲೈಟ್ ಹೋಗ್ತದೆ. ಹೆದರ್ಬೇಡಿ."

ಫಕ್ಕನೆ ಬೆಳಕು ಆರಿತು!

ಕತ್ತಲಲ್ಲಿ ಕಾರಿನ ಮೀಟರುಗಳು ಒಂದೊಂದಾಗಿ ಹಸಿರಾಗಿ ಹೊತ್ತಿಕೊಂಡವು. "ಚಂದ ಉಂಟಲ್ಲ?" ಎಂದಿತು ಧ್ವನಿ. ಬೆಳಕು ಮರಳಿತು. ದೂರದಲ್ಲಿ ಕೂಟದವರು ಚಪ್ಪಾಳೆ ತಟ್ಟುತ್ತಿದ್ದರು. ಮೀಟರ್ ತೋರಿಸಲೆಂದೇ ಮಾಡಿದ ಏರ್ಪಾಡಂತೆ.

ಕೊನೆಯ ಕಾರು ಒಂದು ಮೂಲೆಯಲ್ಲಿತ್ತು. ಕಪ್ಪು ಬಣ್ಣ. ಉಳಿದೆಲ್ಲ ಕಾರುಗಳಿಗೂ ಹೊಳಪಿನ ಬಣ್ಣ, ಇದರ ಒಂದು ಬಾಗಿಲು ಮಾತ್ರ ಸುಟ್ಟು ಕರಕಲಾದದ್ದನ್ನು ಹಾಗೆಯೇ ಬಿಟ್ಟಿದ್ದರು. ಅವಳು ಹತ್ತಿರ ಹೋದಳು. ಕಿವಿಯಲ್ಲಿ ಮೊದಲು ಬರೀ ಉಸಿರಿನ ಸದ್ದು.

ಅಷ್ಟರಲ್ಲಿ ಮತ್ತೆ ಕತ್ತಲೆ. ಈ ಸಲ ಎಸಿಯ ಗುಂಯ್ ಸದ್ದೂ ನಿಂತಿತು. ಯಾರೋ "ಕರೆಂಟ್ ಹೋಯ್ತು!" ಎಂದು ಕೂಗಿದರು. ಮಕ್ಕಳು ಕಿರುಚಿದರು. ಆದರೆ ಅವಳ ಕೈಯ ಯಂತ್ರಕ್ಕೆ ಬ್ಯಾಟರಿಯಿತ್ತು.

"ಈ ಕಾರಿನ ಕಥೆ ಕಾಗದದಲ್ಲಿ ಬರೆದು ಕೊಟ್ಟಿದ್ದಾರೆ. ನಾನು ಓದೂದಿಲ್ಲ. ನಮ್ಮ ಮುದೀರ್, ಮ್ಯಾನೇಜರ್ ಸಾಹೇಬ್ರಿಗೆ ಕನ್ನಡ ಬರೂದಿಲ್ಲ, ಅದೇ ಧೈರ್ಯ..." ಧ್ವನಿ ತಡವರಿಸಿತು. ಮತ್ತೆ ಬಂದಾಗ ತೀರಾ ಹತ್ತಿರದಿಂದ ಬಂದಂತಿತ್ತು. "ಡಾಕ್ಟ್ರೇ."

ಶ್ರಾವಣಿ ಬಾಯಿಗೆ ಕೈ ಅಡ್ಡ ಹಿಡಿದಳು.

"ನೀವು ಒಂದು ದಿನ ಇಲ್ಲಿ ಬಂದು ಈ ಬಟನ್ ಒತ್ತಬಹುದು ಅಂತ ಒಂದು ಹುಚ್ಚು ಆಸೆ. ಈ ಸೀಟು ನೋಡಿ. ನವೆಂಬರಿನ ಬೆಂಕಿಗೆ ಪೂರಾ ಸುಟ್ಟಿತ್ತು. ಮೂರು ತಿಂಗಳು ಊರಲ್ಲಿದ್ದು ಬಂದು ಒಂದೇ ಕೈಯಲ್ಲಿ ಹೊಲಿದೆ. ಮೊನ್ನೆ ರಂಜಾನಿನಲ್ಲಿ ಮುಗೀತು. ನೀವು ಯಾಕೆ ಉತ್ತರ ಕೊಡ್ಲಿಲ್ಲ ಅಂತ ನಾನು ಕೇಳೂದಿಲ್ಲ. ಅಮ್ಮ ಮಾತ್ರ ಇನ್ನೂ ಕೇಳ್ತಾ ಇರ್ತಾರೆ, ಆ ಮೈಸೂರಿನ ಹುಡುಗಿ ಯಾವಾಗ ಬರೂದು ಅಂತ..."

ಧ್ವನಿ ನಿಂತಿತು.

ಕತ್ತಲಲ್ಲಿ ಶ್ರಾವಣಿ ಬೆರಳು ಮಡಚಿ ತಿಂಗಳು ಎಣಿಸಿದಳು. ಬೆಂಕಿ ಬಿದ್ದದ್ದು ನವೆಂಬರಿನಲ್ಲಿ. ರಂಜಾನ್ ಬಂದದ್ದು ಮಾರ್ಚಿನಲ್ಲಿ! ನವೆಂಬರಿನಲ್ಲಿ ಸತ್ತವನು ಮಾರ್ಚಿನಲ್ಲಿ ಹೇಗೆ ಹೊಲಿದ? ಅಮ್ಮ ಯಾಕೆ ಕೇಳ್ತಾರೆ... ಬೇಡ ಅಂದವರು ಅವರೇ ಅಲ್ಲವೇ?

ಟಕ್. ಟಕ್. ಟಕ್.

ಸದ್ದು ಇಯರ್‌ಫೋನಿನಿಂದ ಬಂದದ್ದಲ್ಲ. ಕಪ್ಪು ಕಾರಿನ ಹಿಂದಿನ ಗೋಡೆಯಿಂದ. ಯಾರೋ ತಗಡಿನ ಮೇಲೆ ಬೆರಳಗಂಟಿನಿಂದ ತಟ್ಟಿದಂತೆ. ಮೂರು ಸಲ. ಮತ್ತೆ ಮೂರು ಸಲ.

ಮೊಬೈಲ್ ಟಾರ್ಚ್ ಹಿಡಿದು ಅವಳು ಆ ಸದ್ದಿನ ಹಿಂದೆ ಹೋದಳು. ಗೋಡೆಯಲ್ಲೊಂದು ಚಿಕ್ಕ ಬಾಗಿಲಿತ್ತು. ತಳ್ಳಿದಳು.

* * *

ಒಳಗೊಂದು ವರ್ಕ್‌ಶಾಪ್. ಮೇಲಿನ ಗಾಜಿನಿಂದ ಧೂಳಿನ ಕೇಸರಿ ಬೆಳಕು ಸೋರುತ್ತಿತ್ತು. ನಡುವೆ ಸ್ಟೂಲಿನ ಮೇಲೆ ಒಬ್ಬ ಬೆನ್ನು ಹಾಕಿ ಅಲುಗದೆ ಕೂತಿದ್ದ.

ಆ ಬೆನ್ನು ಅವಳಿಗೆ ಗೊತ್ತು. ಆ ಎಡಕ್ಕೆ ವಾಲಿದ ಭುಜವೂ ಗೊತ್ತು.

ನಗಬೇಡಿ, ಅವಳು ಮೊದಲು ನೋಡಿದ್ದು ಅವನ ಪಾದಗಳನ್ನು! ಅಜ್ಜಿ ಹೇಳಿದ ಹಾಗೆ ಹಿಂದುಮುಂದಾಗಿವೆಯೇ ಎಂದು. ಇರಲಿಲ್ಲ. ಸವೆದ ರಬ್ಬರ್ ಚಪ್ಪಲಿಯಲ್ಲಿ ಎರಡೂ ನೆಟ್ಟಗೇ ಇದ್ದವು.

"ಶೈಲೇಶ್..."

ಅವನು ತಿರುಗಿದ. ಟಾರ್ಚಿನ ಹಿಂದೆ ಕೆದರಿದ ಕೂದಲಿನ ಆಕೃತಿ ಕಂಡು ಸ್ಟೂಲಿನಿಂದ ಬೀಳುವುದರಲ್ಲಿದ್ದ. "ಅಯ್ಯೋ ದೇವರೇ... ಯಾರದು?!"

"ನೀವು... ನೀವು ಸತ್ತಿಲ್ವಾ?"

"ಡಾಕ್ಟ್ರೇ?" ಅವನು ಎದ್ದು ನಿಂತ. "ನಾನು ಎಂಥಕ್ಕೆ ಸಾಯೂದು?"

ಅವಳಿಗೆ ನಂಬಿಕೆ ಬರಲಿಲ್ಲ. ಓಡಿಹೋಗಿ ಅವನ ಬಲಗೈ ಹಿಡಿದಳು. ಬೆಚ್ಚಗಿತ್ತು. ಮಣಿಕಟ್ಟಿನಲ್ಲಿ ನಾಡಿ ದಡದಡ ಹೊಡೆದುಕೊಳ್ಳುತ್ತಿತ್ತು. ಹೆಬ್ಬೆರಳ ಬುಡದ ಅದೇ ಗಂಟು! ಆಗ ಬಂತು ಅಳು. ಆರು ತಿಂಗಳಿಂದ ತಡೆಹಿಡಿದದ್ದೆಲ್ಲ ಒಟ್ಟಿಗೇ ಬಂತು.

"ಬೆಂಕಿಯ ಸುದ್ದಿ ನೋಡಿ ಫೋನ್ ಮಾಡಿದ್ದೆ. ಯಾರೋ ಎತ್ಕೊಂಡು 'ಶೈಲೇಶ್ ಖಲಾಸ್' ಅಂದ್ಬಿಟ್ರು!"

"ಖಲಾಸೇ ಅಲ್ವಾ! ವರ್ಕ್‌ಶಾಪ್ ಮುಚ್ಚಿತು, ಅಲ್ಲಿನ ವೀಸಾ, ಇಕಾಮಾ ಖಲಾಸ್, ಕೆಲಸ ಖಲಾಸ್. ಫೋನು ಸುಟ್ಟು ಹೋಗಿತ್ತು. ಕೈಗೆ ಬ್ಯಾಂಡೇಜ್ ಸುತ್ತಿ ನನ್ನನ್ನು ಊರಿಗೆ ಕಳ್ಸಿದ್ರು." ಅವನು ಎಡಗೈ ಬೆಳಕಿಗೆ ಹಿಡಿದ. ಮೊಣಕೈವರೆಗೆ ಸುಟ್ಟ ಕಲೆ, ಬೆರಳುಗಳು ಅರ್ಧಕ್ಕೇ ಮಡಚಿ ನಿಂತಿದ್ದವು. "ಸತ್ತದ್ದು ನಮ್ಮ ಪೇಂಟರ್ ರೋಹಿದಾಸಣ್ಣ. ಆ ಕಪ್ಪು ಕಾರಿನ ಒಳಗಿದ್ರು. ಎಳೆಯೂದಕ್ಕೆ ಹೋದೆ... ಆಗ್ಲಿಲ್ಲ."

ಶ್ರಾವಣಿ ಆ ಕಲೆಯ ಮೇಲೆ ಮೆಲ್ಲಗೆ ಬೆರಳಿಟ್ಟಳು.

"ಆ ಕಾರಿನ ಓನರದ್ದೇ ಈ ಫ್ಯಾಕ್ಟರಿ, ಮ್ಯೂಸಿಯಂ; ಫೆಬ್ರವರಿಯಲ್ಲಿ ಅವರೇ ಇಲ್ಲಿ ಕೆಲಸ ಕೊಟ್ಟು ಕರೆಸಿದ್ರು. ವಾಪಸ್ ಬಂದ ಕೂಡಲೇ ಹವಲ್ಲಿಯ ಕ್ಲಿನಿಕ್ಕಿಗೆ ಹೋದೆ," ಎಂದ ಶೈಲೇಶ್. "ನೀವು ಬಿಟ್ಟು ಹೋದ್ರಿ ಅಂದ್ರು. ಮೊದಲೇ ಬ್ಲಾಕ್ ಮಾಡಿದ್ರಲ್ಲ... ನಿಮಗೆ ಇಷ್ಟ ಇಲ್ಲ ಅಂತ ಸುಮ್ಮನಾದೆ."

"ಬ್ಲಾಕ್ ಮಾಡ್ದೆ ಇನ್ನೇನ್ ಮಾಡ್ಲಿ? ನೀವೇ ಬರೆದಿದ್ರಲ್ಲ ರೀ, ನಿಮ್ಮ ವಿಷಯ ಖಲಾಸ್ ಅಂತ!"

"ಹೌದು, ಬರೆದೆ. ಅಮ್ಮ ಒಪ್ಪಿದ್ರು. ಖಲಾಸ್."

"ಏನು?!"

"ಅಮ್ಮ ಒಪ್ಪಿದ್ರು ಮಾರಾಯ್ತಿ! ವಿಷಯ ಪಕ್ಕಾ ಆಯ್ತು, ಖಲಾಸ್! ಹನ್ನೊಂದು ವರ್ಷದಿಂದ ಇಲ್ಲಿ ವೀಸಾ ಸಿಕ್ಕಿದ್ರೂ ಖಲಾಸ್, ರಜೆ ಸಿಕ್ಕಿದ್ರೂ ಖಲಾಸ್, ಮುದೀರ್ ಹೂಂ ಅಂದ್ರೂ ಖಲಾಸ್..." ಅವನು ನಡುವೆಯೇ ನಿಲ್ಲಿಸಿದ. "ನೀವು... ಎಂಥ ತಿಳ್ಕೊಂಡದ್ದು?"

"ನಮ್ಮೂರಲ್ಲಿ ಖಲಾಸ್ ಅಂದ್ರೆ ಕಥೆ ಮುಗೀತು ಅಂತ ಕಣ್ರೀ! ಸತ್ತ ಅಂತ!"

ಅವನು ಹಣೆ ಹಣೆ ಬಡಿದುಕೊಂಡ. ಅವಳು ಅಳುತ್ತಲೇ ನಕ್ಕಳು. ಮೂರಕ್ಷರದ ಒಂದು ಪದ ಒಂದೇ ಮನುಷ್ಯನನ್ನು ಅವಳಿಂದ ಎರಡು ಸಲ ಕಿತ್ತುಕೊಂಡಿತ್ತು!

"ಆ ಒಂಬತ್ತನೇ ಬಟನ್ ಏನ್ರೀ? ಗೈಡ್ ಅದರಲ್ಲಿ ಏನೂ ಇಲ್ಲ ಅಂದ್ಳು."

"ಓನರ್ ಹೇಳಿದ್ರು, ಕೆಲಸದವ್ರು ಎಲ್ಲ ಅವರವರ ಭಾಷೆಯಲ್ಲಿ ಮಾತಾಡಿ ಅಂತ. ಆಮೇಲೆ ಐದು ಭಾಷೆ ಸಾಕು ಅಂದ್ರು. ನನ್ನದು ಅಳಿಸ್ಲಿಕ್ಕೆ ಮರೆತಿರ್ಬೇಕು. ನೀವು ಹೇಗೆ ಅದನ್ನು ಒತ್ತಿದ್ರಿ?"

"ನಾನು ಒತ್ತಿದ್ದು ಎರಡು," ಎಂದಳು ಶ್ರಾವಣಿ ಮೆಲ್ಲಗೆ. "ಹೋಗ್ಲಿ, ಬಾಗಿಲು ಗೊತ್ತಾಗಿದ್ದು ನಿಮ್ಮಿಂದ. ನೀವು ಟಕ್ ಟಕ್ ಅಂತ ತಟ್ಟದೆ ಇದ್ದಿದ್ರೆ..."

"ನಾನು ತಟ್ಟಲಿಲ್ಲ."

"ಮೂರು ಸಲ. ತಗಡಿನ ಮೇಲೆ."

"ಕರೆಂಟ್ ಹೋದ ಮೇಲೆ ನಾನು ಸುಮ್ಮನೆ ಕೂತಿದ್ದೆ ಡಾಕ್ಟ್ರೇ." ಅವನು ಅವಳ ಹಿಂದಿನ ತೆರೆದ ಬಾಗಿಲನ್ನು, ಅದರಾಚೆಯ ಕತ್ತಲನ್ನು ನೋಡಿದ. ರೋಮ ನಿಮಿರಿದ ಕೈಯನ್ನು ಉಜ್ಜಿಕೊಂಡ. "ಮೂರು ಸಲ ತಟ್ಟುದು ರೋಹಿದಾಸಣ್ಣನ ಅಭ್ಯಾಸ. ಪೇಂಟ್ ಒಣಗಿದ ಮೇಲೆ, ಇನ್ನು ತಗೊಂಡು ಹೋಗಿ ಅಂತ ಹೇಳ್ಲಿಕ್ಕೆ."

ಇಬ್ಬರೂ ಆ ಕಡೆ ನೋಡಿದರು. ಕಪ್ಪು ಕಾರು ಕತ್ತಲಲ್ಲಿ ಸದ್ದಿಲ್ಲದೆ ನಿಂತಿತ್ತು. ಶೈಲೇಶ್ ಎರಡೂ ಕೈ ಜೋಡಿಸಿದ. ಅವಳೂ ಜೋಡಿಸಿದಳು.

ಕರೆಂಟ್ ಬಂತು. ಅದರ ಜೊತೆಗೇ ಅಮಿತಾಳೂ ಬಂದಳು. "ಶ್ರಾವಣಿ! ನಿನ್ನನ್ನು ಎಲ್ಲೆಲ್ಲ ಹುಡುಕೂದು ಮಾರಾಯ್ತಿ, ಬಸ್ಸು ಹೊರಡ್ತಾ ಉಂಟು..." ಎಂದವಳು ಹಿಡಿದುಕೊಂಡಿದ್ದ ಕೈಗಳನ್ನು ನೋಡಿ, "ಆಯ್ತು, ಬಸ್ಸಿನವನಿಗೆ ನಾನು ಏನಾದ್ರೂ ಹೇಳ್ತೇನೆ," ಎಂದು ಬಂದ ದಾರಿಯಲ್ಲೇ ತಿರುಗಿದಳು.

ಶ್ರಾವಣಿ ಅವನ ಸುಟ್ಟ ಕೈಯನ್ನು ತನ್ನ ಅಂಗೈಯಲ್ಲಿ ಇಟ್ಟುಕೊಂಡು ಬೆರಳುಗಳನ್ನು ಒಂದೊಂದಾಗಿ ನಿಧಾನ ಬಿಡಿಸಿದಳು. "ದಿನಾ ಇಪ್ಪತ್ತು ಸಲ ಮಾಡ್ಬೇಕು. ನಾನೇ ಮಾಡಿಸ್ತೀನಿ."

"ಎಷ್ಟು ದಿನ ಡಾಕ್ಟ್ರೇ?"

"ಈ ಸಲ ಹತ್ತು ದಿನಕ್ಕೆಲ್ಲ ಆಗಲ್ಲ. ಜನ್ಮ ಪೂರ್ತಿ ಬೇಕಾಗುತ್ತೆ."

"ಅಮ್ಮನಿಗೆ ಎಂಥ ಹೇಳ್ಲಿ?"

"ಬರ್ತಾಳಂತೆ ಅಂತ ಹೇಳಿ."

"ಹಾಗಾದ್ರೆ..." ಅವನು ಹೆದರಿ ಹೆದರಿ ಅವಳ ಮುಖ ನೋಡಿದ. "ಖಲಾಸ್?"

ಶ್ರಾವಣಿ ಕಣ್ಣೊರೆಸಿಕೊಂಡು, ಅವನ ಬೆರಳುಗಳ ನಡುವೆ ತನ್ನ ಬೆರಳು ಸೇರಿಸಿದಳು.

"ಖಲಾಸ್ ರೀ!"